ಚದುರಂಗದ ಕಲ್ಲಹಳ್ಳಿ ಮೂಲ: ಒಂದು ಘನ ಸಂಶೋಧನೆ

ಚದುರಂಗ ಹುಟ್ಟಿದ್ದು 1916ರಲ್ಲಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಅನುಮಾನವಿದ್ದವರು ‘ವೈಶಾಖ’ ಕಾದಂಬರಿಯ ರಕ್ಷಾಪುಟ ನೋಡಬಹುದು. ಅದು ಸುಬ್ರಹ್ಮಣ್ಯರಾಜೇ ಅರಸರ ಕಾವ್ಯನಾಮವಲ್ಲವೇ ಎಂದು ಪೂರ್ವಪಕ್ಷದವರು ತಗಾದೆ ತೆಗೆಯುತ್ತಾರೆ. ಇರಲಿ. ಹಾಗಾದರೆ ಅದೇ ಕಲ್ಲಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ದೇವರಾಜ ಅರಸರು ಒಂದೊಂದೇ ಮನೆ ಸರಿದು 1972ರಲ್ಲಿ ಮುಖ್ಯಮಂತ್ರಿಯಾದದ್ದು ಹೇಗೆ? ಕಾಲಾಳು ಎಂಟನೇ ಮನೆ ಮುಟ್ಟಿದರೆ ಮಂತ್ರಿ ಎಂಬ ಸೂತ್ರಕ್ಕೆ ಇದಕ್ಕಿಂತ ಭಾಷ್ಯ ಬೇಕೆ?

ಮೈಸೂರು ಪೇಟೆಯವರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಎದುರು ನಿಲ್ಲಿಸುತ್ತಾರೆ. 1831ರಲ್ಲಿ ಆಡಳಿತವನ್ನು ಇಂಗ್ಲಿಷರು ಕಿತ್ತುಕೊಂಡ ಮೇಲೂ ಪ್ರಭುಗಳಿಗೆ 64 ಮನೆಗಳ ರಾಜ್ಯ ಉಳಿದಿತ್ತು. ಒಂದು ಮನೆಗೂ ಎರಡು ಸಲ ಕಾಲಿಡದಂತೆ ಕುದುರೆಯನ್ನು ಅಷ್ಟೂ ಮನೆ ಸುತ್ತಿಸುವ ಬಂಧಗಳನ್ನು ರಚಿಸಿದರು. ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ಯನ್ನು ಇಟ್ಟರು. ಅವರು ತೀರಿಕೊಂಡದ್ದು 1868ರಲ್ಲಿ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ತೇಜ್‌ಕುಮಾರ್, ಬಂದದ್ದು 2017ರಲ್ಲಿ. ನಡುವಿನ 149 ವರ್ಷ ಮೈಸೂರಿನವರು ಕಾಫಿ ಹೀರುತ್ತ ಮುಂದಿನ ನಡೆ ಯೋಚಿಸುತ್ತಿದ್ದರೆಂದು ಊಹಿಸಬೇಕು.

ಎಚ್.ಡಿ. ಕೋಟೆ ಪಂಥ ಬೇರೆ. ಆನೆ ನೇರಕ್ಕೆ ನಡೆಯುತ್ತದೆ ಎಂಬುದನ್ನು ಅಲ್ಲಿನವರು ಒಪ್ಪುವುದೇ ಇಲ್ಲ. ರಾಗಿ ಹೊಲಕ್ಕೆ ಅದು ಓರೆಯಾಗಿಯೇ ನುಗ್ಗುತ್ತದಂತೆ. ಒಂಟೆಯ ಬಗ್ಗೆ ಅವರಿಗೆ ಅಭಿಪ್ರಾಯವಿಲ್ಲ. ಕೆ.ಆರ್. ನಗರದವರು ಭತ್ತದ ನಾಟಿ ಮುಗಿಯಲಿ ಎಂದಿದ್ದಾರೆ.

ಇನ್ನು ನಮ್ಮ ಮನೆಯ ಸಂಪ್ರದಾಯ. ಪಿರಿಯಾಪಟ್ಟಣ ರಸ್ತೆಯ ಹೊಗೆಸೊಪ್ಪಿನ ಬ್ಯಾರನ್ನೇ ಗುರುಕುಲ. ಸೊಪ್ಪು ಹದಕ್ಕೆ ಬರುವ ತನಕ ರಾತ್ರಿಯೆಲ್ಲ ಸೌದೆ ಒಟ್ಟಬೇಕು, ನಿದ್ದೆ ತಡೆಯಲು ಪಟ ಹಾಸಬೇಕು. ಅಪ್ಪನದು ನಾಡಪದ್ಧತಿ: ಕಾಲಾಳು ಮೊದಲ ಸಲವೂ ಒಂದೇ ಮನೆ, ರಾಜ ಶಾ ಬೀಳುವ ಮುನ್ನ ಒಂದು ಸಲ ಕುದುರೆಯಂತೆ ನೆಗೆಯಬಹುದು. ನನ್ನ ಮಗಳು ಮೊಬೈಲು ಶಾಖೆಯವಳು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ನಾಡಪದ್ಧತಿಯಲ್ಲಿ ಬೆಳೆದು, ಆಮೇಲೆ ಹೊಸ ನಿಯಮ ಕಲಿತು, 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಎಂದು ನಾನು ಓದಿ ಹೇಳಿದೆ. ಅಪ್ಪ ‘ಬೆಳೆದು’ ಎಂಬಲ್ಲಿ ತಲೆದೂಗಿದರು, ಮಗಳು ‘ಕಲಿತು’ ಎಂಬಲ್ಲಿ.

ಎರಡು ಕಡೆಗೂ ಸೋಲುವ ಮಧ್ಯದ ತಲೆಮಾರು ನನ್ನದು. ನಮ್ಮಂಥವರ ಬಗ್ಗೆ ಶಾಸ್ತ್ರಕಾರರು ಮೌನ.

ಈ ಸಂಶೋಧನೆಯ ಪರಮ ಪ್ರಮಾಣ ನಮ್ಮ ಪಟದ ಮೇಲಿದೆ. ಎಂದೋ ಕಳೆದುಹೋದ ಒಂದು ಕಾಲಾಳಿನ ಜಾಗದಲ್ಲಿ ಅಮ್ಮ ಇಟ್ಟದ್ದು ಹುಣಸೆ ಬೀಜ. ಹುಣಸೆ, ಹುಣಸೂರು, ಪದವ್ಯುತ್ಪತ್ತಿ ಬಲ್ಲವರಿಗೆ ಇಷ್ಟು ಸಾಕು. ಕಳೆದ ಹಂಗಾಮಿನ ಒಂದು ರಾತ್ರಿ ಮಗಳ ಆ ಬೀಜ ಕುದುರೆ ಸಾಲಿನ ಕೊನೆಯ ಮನೆ ಮುಟ್ಟಿತು.

“ಮಂತ್ರಿ ಆಯ್ತು ತಾತ!”

“ಕುದುರೆ ಮನೇಲಿ ನಿಂತ್ರೆ ಕುದುರೆನೇ ಕಣವ್ವ. ಮಂತ್ರಿ ಎಲ್ಲಿಂದ ಬಂದ?”

ವಾಕ್ಯಾರ್ಥ ಬೆಳಗಿನ ಜಾವದವರೆಗೂ ನಡೆಯಿತು. ಅಷ್ಟು ಹೊತ್ತಿಗೆ ಅಮ್ಮ ಟೀ ಹಿಡಿದು ಬಂದವಳು ಒಲೆ ಬಾಯಿಗೆ ಬಗ್ಗಿ ನೋಡಿ ಕೇಳಿದಳು: “ಬೆಂಕಿ ಯಾರು ನೋಡ್ಕತಾ ಇದ್ರಿ?”