ಊರುನಿಷ್ಕರ್ಷ ಮೀಮಾಂಸೆ (ಸೂತ್ರ, ವೃತ್ತಿ, ಪ್ರಯೋಗ ಸಹಿತ)

ಕೇಶಿರಾಜ 13ನೇ ಶತಮಾನದಲ್ಲೇ ಕನ್ನಡದ ಶಬ್ದಗಳನ್ನೆಲ್ಲ ಸೂತ್ರಕ್ಕೆ ಕಟ್ಟಿದ. ಬಿ.ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನು ಹೆಕ್ಕಿ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ಹೊರತಂದ. ಆದರೆ "ನಿಂದು ಅಸ್ಲಿಗೆ ಯಾವೂರ್ಲಾ?" ಎಂಬ ಮೂಲಭೂತ ಪ್ರಶ್ನೆಗೆ ಇಬ್ಬರೂ ಕೈಹಾಕಲಿಲ್ಲ. ಆ ಕೊರತೆ ನೀಗಲೆಂದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಮೂವರು ಗೆಳೆಯರು ನಡೆಸಿದ ವಾದವನ್ನು ಇಲ್ಲಿ ಶಾಸ್ತ್ರಕ್ಕೆ ಇಳಿಸಲಾಗಿದೆ. ಒಬ್ಬ ತುಮಕೂರು ಪೇಟೆಯವನು, ಒಬ್ಬ ಗುಬ್ಬಿಯವನು, ಇನ್ನೊಬ್ಬ ಕುಣಿಗಲ್ಲಿನವನು.

ಸೂತ್ರ 1: ದೂರ ಹೋದಷ್ಟೂ ಊರು ದೊಡ್ಡದಾಗುವುದು.

ವೃತ್ತಿ: ನಿಟ್ಟೂರು ಪಕ್ಕದ ಹಳ್ಳಿಯವನು ಗುಬ್ಬಿಗೆ ಬಂದರೆ ನಿಟ್ಟೂರಿನವನು, ತುಮಕೂರಿಗೆ ಬಂದರೆ ಗುಬ್ಬಿಯವನು, ಮೆಜೆಸ್ಟಿಕ್‌ನಲ್ಲಿ ಇಳಿದರೆ ತುಮಕೂರಿನವನು. ಪೇಟೆಯವನಿಗೆ ಬಡ್ತಿ ಇನ್ನೂ ಬೇಗ. ನೆಲಮಂಗಲ ದಾಟುವ ಮೊದಲೇ ಬೆಂಗಳೂರಿನವನಾಗಿಬಿಡುತ್ತಾನೆ.

ಪ್ರಯೋಗ: "ನಮ್ಮನೆ ಬಿ.ಎಚ್. ರೋಡಲ್ಲಿ" ಎಂದು ಪೇಟೆಯವನು ಬೀಗಿದಾಗ ಗುಬ್ಬಿಯವನು, "ಅದೇ ರೋಡು ನಮ್ಮೂರ್ ಮೇಲೇ ಹಾದು ಹೊನ್ನಾವರದ್ ಗಂಟ ಹೋಯ್ತದೆ. ಅಲ್ಲೀಗಂಟ ನಿಮ್ಮನೇನಾ?"

ಸೂತ್ರ 2: ಉತ್ಪ್ರೇಕ್ಷೆ ಗುಬ್ಬಿಯವರ ಪಿತ್ರಾರ್ಜಿತ.

ವೃತ್ತಿ: 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ಹತ್ತಿಸಿತು. ಆ ಊರಿನವನು "ಇನ್ನೈದ್ ನಿಮಿಷ, ಬಂದ್ಬಿಟ್ಟೆ" ಅಂದರೆ ಅದನ್ನು ನಾಟಕದ ಮಾತೆಂದೇ ತಿಳಿಯತಕ್ಕದ್ದು. 2023ರಲ್ಲಿ ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲಂತೂ ತಡವಾಗಿ ಬರಲು ಅವನಿಗೆ ಯಾವ ನೆಪವೂ ಉಳಿದಿಲ್ಲ.

ಸೂತ್ರ 3: ಹಕಾರಕ್ಕೆ ಕುಣಿಗಲ್ಲಿನಲ್ಲಿ ಲೋಪ, ಪೇಟೆಯಲ್ಲಿ ಆಗಮ.

ವೃತ್ತಿ: ಕುಣಿಗಲ್ಲಿನವನು "ಆಸನಕ್ಕೋಗಿ ಅಣ್ಣು ತಂದೆ" ಎಂದದ್ದೇ ತಡ, ಪೇಟೆಯವನು ನಕ್ಕ. ಕುಣಿಗಲ್ಲಿನವನ ಪ್ರತಿವಾದ ಹೀಗಿದೆ (ಮೂಲದಲ್ಲಿ ಉದುರಿದ್ದ ಹಕಾರಗಳನ್ನು ಸಂಪಾದಕರು ತುಂಬಿದ್ದಾರೆ): ಹಳಗನ್ನಡದ 'ಪಾಲ್' ನಡುಗನ್ನಡಕ್ಕೆ 'ಹಾಲು' ಆಯಿತು, ನಮ್ಮ ಬಾಯಲ್ಲಿ 'ಆಲು' ಆಗಿದೆ. 'ಪಣ್' ಹಣ್ಣಾಯಿತು, ಈಗ ಅಣ್ಣು. ಹಾಗಿದ್ದ ಮೇಲೆ ಭಾಷೆಯಲ್ಲಿ ಮುಂದೆ ಹೋದವರು ಯಾರು? "ನೀನಿನ್ನೂ ನಡುಗನ್ನಡದಾಗೇ ಕುಂತಿದೀಯ ಕಣ್ಲಾ."

ಪ್ರಯೋಗ: ಪೇಟೆಯವನು ಸಿಟ್ಟಿಗೆದ್ದು, "ಹಾಯ್ತು ಹಾಯ್ತು, ಹಿಡ್ಲಿ ತಿನ್ನು." ಆಗಮ ಸಿದ್ಧವಾಯಿತು.

ಸೂತ್ರ 4: ಕುಣಿಗಲ್ಲಿನವನು ಎಲ್ಲಿಯವನೆಂಬುದು ಅನಿರ್ವಚನೀಯ.

ವೃತ್ತಿ: ಜಿಲ್ಲೆ ತುಮಕೂರು. ಲೋಕಸಭೆಗೆ ಓಟು ಬೆಂಗಳೂರು ಗ್ರಾಮಾಂತರಕ್ಕೆ. ಮಾತಿನ ನಡುವೆ "ಒಸಿ", "ಯಾನ್ಲಾ" ಬಂದರೆ ಮಂಡ್ಯದವರು ನಮ್ಮವನೇ ಎನ್ನುತ್ತಾರೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು, ಒಂದೇ ಗೂಟಕ್ಕೆ ಕಟ್ಟಿದರೆ ನಿಂತೀತೇ ಎಂಬುದು ಗುಬ್ಬಿಯವನ ಟೀಕೆ. ಪೇಟೆಯವನ ವಿಳಾಸವೂ ಅಷ್ಟೇನು ಗಟ್ಟಿಯಲ್ಲ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅದು 'ತುಮಕೂರು' ಆದರೂ ಕಂಡಕ್ಟರುಗಳು ಕೂಗುವುದು "ತುಮ್ಕೂರ್, ತುಮ್ಕೂರ್" ಎಂದೇ.

ಸಿದ್ಧಾಂತ: ಅಣಕಿಸುವ ಹಕ್ಕು ಜಿಲ್ಲೆಯ ಒಳಗಿನವರಿಗೆ ಮಾತ್ರ.

ಪ್ರಯೋಗ: ಪಕ್ಕದ ಟೇಬಲ್ಲಿನಲ್ಲಿ ಇನ್‌ಶರ್ಟ್ ಮಾಡಿಕೊಂಡು ಕೂತಿದ್ದವರೊಬ್ಬರು ಕುಣಿಗಲ್ಲಿನವನ ಮಾತು ಕೇಳಿ, "ಏನ್ ಲ್ಯಾಂಗ್ವೇಜ್ ರೀ ಇದು!" ಎಂದು ನಕ್ಕರು. ಅಲ್ಲಿಯವರೆಗೆ ಹಕಾರ ಕಾಯುತ್ತಿದ್ದ ಪೇಟೆಯವನೇ ತಿರುಗಿ ಕೂತ.

"ಯಾಕ್ ಸಾ, ಎಂಗೈತೆ? ತಮ್ದು ಯಾವೂರು?"

"ಬೆಂಗಳೂರು."

"ಅದ್ ಗೊತ್ತಾಯ್ತು ಸಾ. ಅಸ್ಲಿಗೆ?"

ಅವರು ಉಳಿದ ಕಾಫಿಯನ್ನು ನಿಧಾನಕ್ಕೆ ಮುಗಿಸಿ, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, "ತಿಪ್ಟೂರ್ ಪಕ್ಕ" ಎಂದರು.

ಮೂವರೂ ಸರಿದು ಅವರಿಗೊಂದು ಕುರ್ಚಿ ಎಳೆದರು. 'ಪಕ್ಕ' ಎಂದರೆ ಯಾವ ಹಳ್ಳಿ ಎಂಬ ವಿಚಾರಣೆ ಎರಡನೇ ಕಾಫಿಗೂ ಮುಗಿಯಲಿಲ್ಲ.