ಬ್ಯಾಟರೀ ಜಲಾವರೋಧ ಮೀಮಾಂಸೆ
ಅಥವಾ, ಮಂಡೆಕೋಲು ಪರಿಸರದ ಕಯಾಕ್ ಮತ್ಸ್ಯಬೇಟೆಯಲ್ಲಿ ಹನ್ನೆರಡು ವೋಲ್ಟುಗಳನ್ನು ಒದ್ದೆಯಾಗದಂತೆ ಕಾಪಾಡುವ ಶಾಸ್ತ್ರ

ಉಪೋದ್ಘಾತ

ವಿದ್ಯುತ್ತನ್ನು ಬಿಲ್ಲೆಗಳ ಅಟ್ಟಿಯಿಂದ ಹೊರಡಿಸಬಹುದೆಂದು ಅಲೆಸ್ಸಾಂದ್ರೊ ವೋಲ್ಟಾ 1800ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ. ಖಾಲಿಯಾದ ಬ್ಯಾಟರಿಯನ್ನು ಮತ್ತೆ ತುಂಬಬಹುದೆಂದು 1859ರಲ್ಲಿ ಗಾಸ್ತೊಂ ಪ್ಲಾಂಟೆ ಸೀಸದ ತಗಡುಗಳನ್ನು ಆಮ್ಲದಲ್ಲಿ ಅದ್ದಿ ಸಿದ್ಧಮಾಡಿದ. ಅದನ್ನು ಹೊಳೆಗೆ ಕೊಂಡುಹೋಗಬೇಕಾಗಿ ಬಂದರೆ ಮುಂದೇನು ಎಂಬ ವಿಷಯದಲ್ಲಿ ಮಾತ್ರ ಇಬ್ಬರು ಆಚಾರ್ಯರೂ ಮೌನ. ಆ ಮೌನವನ್ನು ಮುರಿಯುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಇದಕ್ಕೆ ಸುಳ್ಯ ತಾಲೂಕಿನ ಮಂಡೆಕೋಲೇ ಏಕೆ ಎಂದು ಆಕ್ಷೇಪಿಸುವವರುಂಟು. ಸಮಾಧಾನ ಹೀಗೆ: ನೀರಿನಿಂದ ವಸ್ತುವನ್ನು ಕಾಪಾಡುವ ವಿದ್ಯೆಯಲ್ಲಿ ಈ ಸೀಮೆಗಿರುವ ಅಭ್ಯಾಸ ಯಾವ ಪ್ರಯೋಗಾಲಯಕ್ಕೂ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ ಬಿದ್ದರೂ "ಈ ಸಲ ಎಂಥ ಮಳೆ ಮಾರಾಯ್ರೆ, ಏನೂ ಇಲ್ಲ" ಎನ್ನುವ ಜನ ಇವರು. ಇಲ್ಲಿ ರಬ್ಬರ್ ಮರಕ್ಕೂ ಲಂಗ ತೊಡಿಸುತ್ತಾರೆ. ರೈನ್‌ಗಾರ್ಡ್ ಎಂದು ಅದರ ಹೆಸರು. ಡಾಮರಿನಂಥ ಅಂಟು ಬಳಿದು ಪ್ಲಾಸ್ಟಿಕ್ ಸುತ್ತಿ ಮಳೆಗಾಲದಲ್ಲೂ ಹಾಲು ಇಳಿಸುತ್ತಾರೆ. ಅಡಿಕೆಗೊನೆಗೆ ಕೊಳೆರೋಗ ತಾಗದಂತೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸಿ ಮದ್ದು ಬಿಡುತ್ತಾರೆ. ಮೈಸೂರು ಸರಕಾರದ ತಜ್ಞ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ 1910ರಲ್ಲಿಯೇ ಪುಸ್ತಕ ಬರೆದ. ತೋಟಕ್ಕೆ ಬರುವ ಆನೆಯನ್ನು ತಡೆಯಲು ಸೋಲಾರ್ ಬೇಲಿ, ಬೇಲಿಗೆ ಬ್ಯಾಟರಿ, ಬ್ಯಾಟರಿಯ ಮೇಲೆ ಕವುಚಿದ ತೂತು ಬಾಲ್ದಿ. ತಲೆಗೆ ಹಿಂದೆ ಗೊರಬೆ, ಈಗ ಪ್ಲಾಸ್ಟಿಕ್ ತೊಟ್ಟೆ. ಇಷ್ಟೆಲ್ಲ ಬಲ್ಲ ಸಮಾಜವು ಒಂದು ಕಯಾಕಿನ ಬ್ಯಾಟರಿಯ ಮುಂದೆ ತಬ್ಬಿಬ್ಬಾಗಿ ನಿಂತದ್ದು ವಿದ್ವಾಂಸರು ಗಮನಿಸಬೇಕಾದ ಸಂಗತಿ.

ಸಂದರ್ಭವನ್ನೂ ಹೇಳಿಬಿಡುತ್ತೇವೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯ ರಜೆಯಲ್ಲಿ ಕಯಾಕನ್ನೂ ಮೀನು ತೋರಿಸುವ ಯಂತ್ರವನ್ನೂ ಹೊತ್ತು ಊರಿಗೆ ಬಂದ. ಇನ್ನು ಮುಂದೆ ಇವನನ್ನು ಸಾಧಕನೆಂದು ಕರೆಯುತ್ತೇವೆ.

ಜಲಾಧಿಕರಣ

ಮೊದಲು ನೌಕೆಯಲ್ಲ, ನೀರು ಎಲ್ಲಿದೆ ಎಂಬುದೇ ವಿಚಾರಣೀಯ. ಪಯಸ್ವಿನಿಯು ಕೊಡಗಿನ ಕಡೆಯಿಂದ ಇಳಿದು ಸಂಪಾಜೆ, ಅರಂತೋಡು, ಸುಳ್ಯ ದಾಟಿ, ಮಂಡೆಕೋಲಿನ ಮಗ್ಗುಲಲ್ಲಿ ಹರಿದು, ಗಡಿಯಾಚೆ ಚಂದ್ರಗಿರಿ ಹೊಳೆಯೆನಿಸಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಆಟಿಯ ಮಳೆಗಾಲದಲ್ಲಿ ಇದಕ್ಕೆ ಕಯಾಕ್ ಇಳಿಸಿದವನು ಗಾಳಕ್ಕೆ ಎರೆಹುಳ ಸಿಕ್ಕಿಸುವ ಮೊದಲೇ ಕೇರಳದ ಪ್ರಜೆಯಾಗುತ್ತಾನೆ. ಆಯುಷ್ಯ ಗಟ್ಟಿಯಿದ್ದರೆ ಚಂದ್ರಗಿರಿ ಕೋಟೆಯನ್ನು, ಅದನ್ನು ಕಟ್ಟಿಸಿದ ಕೆಳದಿಯ ಶಿವಪ್ಪನಾಯಕನಿಗೂ ಸಿಗದ ಕೋನದಿಂದ ನೋಡುತ್ತಾನೆ. ಏಪ್ರಿಲಿನಲ್ಲಿ ಇದೇ ಹೊಳೆಯಲ್ಲಿ ನೌಕೆ ಮನುಷ್ಯನನ್ನು ಹೊರುವುದಿಲ್ಲ, ಮನುಷ್ಯನೇ ಬಂಡೆಯಿಂದ ಬಂಡೆಗೆ ನೌಕೆಯನ್ನು ಹೊರುತ್ತಾನೆ.

ಹಾಗಾದರೆ ಗತಿ? ಗತಿ ಕಟ್ಟ. ಮಳೆ ನಿಂತ ಮೇಲೆ ತೋಟದವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಹೊಳೆಗೂ ತೋಡಿಗೂ ಅಡ್ಡ ಕಟ್ಟುತ್ತಿದ್ದ ಈ ಒಡ್ಡುಗಳು ಈಗ ಮರಳು ತುಂಬಿದ ಚೀಲಗಳಾಗಿವೆ, ಕೆಲವೆಡೆ ಹಲಗೆ ಇಳಿಸುವ ಕಿಂಡಿ ಅಣೆಕಟ್ಟುಗಳಾಗಿವೆ. ಅಡಿಕೆಗೆ ನೀರು ಸಿಗಲೆಂದು ಕಟ್ಟಿದ ಈ ಕಟ್ಟದ ಹಿಂದೆ ನಿಲ್ಲುವ ನೀರೇ ಸಾಧಕನ ಮಹಾಸಾಗರ. ಇನೂಯಿಟ್ ಬೇಟೆಗಾರರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಉತ್ತರಧ್ರುವದ ಕಡಲಿಗೆ ಇಳಿಸುತ್ತಿದ್ದ ನೌಕೆಯ ವಂಶದ ಕುಡಿಯೊಂದು ಯಾರದೋ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಪಕ್ಕ ತೇಲುತ್ತಿರುವ ದೃಶ್ಯ ಇತಿಹಾಸದ ಸೋಜಿಗಗಳಲ್ಲಿ ಒಂದು. ಬಾಳೆದಿಂಡಿನ ತೆಪ್ಪಕ್ಕೆ ಇಷ್ಟು ದೊಡ್ಡ ವಂಶವೃಕ್ಷವಿಲ್ಲ. ಅದಕ್ಕೆ ಬ್ಯಾಟರಿಯೂ ಬೇಡ.

ಯಂತ್ರಾಧಿಕರಣ

ಮೀನು ತೋರಿಸುವ ಯಂತ್ರವು ನೀರಿನೊಳಗೆ ನಮ್ಮ ಕಿವಿಗೆ ಕೇಳದ ಶಬ್ದವನ್ನು ಬಿಡುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ತಳಕ್ಕೆ ಬಡಿದು ಮರಳಿ ಬರಲು ಹಿಡಿದ ಹೊತ್ತನ್ನು ಅಳೆದು ಇಷ್ಟು ಆಳ ಎಂದು ಪರದೆಯ ಮೇಲೆ ಬರೆಯುತ್ತದೆ. ಶಬ್ದ ಹರಡುವುದು ಕೋನ್ ಐಸ್‌ಕ್ರೀಮಿನ ಆಕಾರದಲ್ಲಿ. ಆ ಕೋನ 20 ಡಿಗ್ರಿ ಎಂದಿಟ್ಟುಕೊಂಡರೆ, ಮೂರಡಿ ನೀರಿನಲ್ಲಿ ಯಂತ್ರಕ್ಕೆ ಕಾಣುವ ತಳದ ಅಗಲ ಒಂದಡಿ ಚಿಲ್ಲರೆ. ಮೀನು ಆ ಒಂದಡಿಯೊಳಗೆ ಬಂದು ನಿಲ್ಲುವ ಸೌಜನ್ಯ ತೋರಬೇಕು.

ಈ ವಿಷಯದಲ್ಲಿ ದಡದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಸಾಧಕನೊಡನೆ ನಡೆಸಿದ ವಾದವನ್ನು ಇದ್ದಂತೆಯೇ ಕೊಡುತ್ತೇವೆ.

"ಎಂಥ ತೋರಿಸ್ತದೆ ಮಗಾ ಅದು?"

"ಆಳ ಅಜ್ಜ. ಮೂರಡಿ ಉಂಟಂತೆ."

"ಇಳಿದು ನಿಂತ್ರೆ ಗೊತ್ತಾಗುವುದಿಲ್ವಾ? ನನಗೆ ಸೊಂಟಕ್ಕೆ ಬರ್ತದೆ."

ಹಿರಿಯರದು ಪ್ರತ್ಯಕ್ಷ ಪ್ರಮಾಣ, ಸಾಧಕನದು ಶಬ್ದ ಪ್ರಮಾಣ. ಎರಡೂ ಮೂರಡಿಯನ್ನೇ ಹೇಳುವುದರಿಂದ ಇಲ್ಲಿ ವಿರೋಧವಿಲ್ಲವೆಂದು ಮೀಮಾಂಸಕರು ಸಮಾಧಾನ ಹೇಳಬೇಕು. ಒಂದು ಪ್ರಮಾಣಕ್ಕೆ ಹನ್ನೆರಡು ವೋಲ್ಟು ಬೇಕು ಎಂಬುದಷ್ಟೇ ಭೇದ.

ಪೇಟಿಕಾಧಿಕರಣ

ಈಗ ಮುಖ್ಯ ವಿಷಯ. ಸಣ್ಣ ಯಂತ್ರವೊಂದು ಅರ್ಧ ಆಂಪಿಯರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಕಂಪ್ಯೂಟರಿನ ಯುಪಿಎಸ್ಸಿನಲ್ಲಿರುವ 7 ಆಂಪಿಯರ್-ಅವರಿನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಅರ್ಧವೆಂದರೆ ಏಳು ಗಂಟೆ. ಬೆಳಗಿನಿಂದ ಮಧ್ಯಾಹ್ನದ ಗಂಜಿಯ ತನಕ ಧಾರಾಳ. ತೂಕ ಎರಡು ಕಿಲೋ ದಾಟುತ್ತದೆ. ಲಿಥಿಯಂ ಐರನ್ ಫಾಸ್ಫೇಟಿನದಾದರೆ 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ ಜೋಡಿಸಿ 12.8, ತೂಕ ಅರ್ಧಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಪೂರ್ತಿ ಬಳಸಿದರೂ ಮುನಿಯುವುದಿಲ್ಲ. ಈ ಪದಾರ್ಥವನ್ನು ಬ್ಯಾಟರಿಗೆ ಒಗ್ಗಿಸಿದ ಬಳಗದ ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ನೊಬೆಲ್ ಬಂತು. "ಬ್ಯಾಟರಿ ಹಗುರ ಉಂಟು, ಕ್ರಯ ಹಗುರ ಇಲ್ಲ" ಎಂಬುದು ಬ್ಯಾಟರಿ ಅಂಗಡಿಯವರ ಭಾಷ್ಯ. ಅದರ ಚಾರ್ಜರೂ ಬೇರೆಯೇ ಬೇಕು.

ಬ್ಯಾಟರಿಯನ್ನು ನೀರಿನಿಂದ ಮರೆಮಾಡುವ ಬಗೆಯಲ್ಲಿ ಈ ಸೀಮೆಯಲ್ಲಿ ಮೂರು ಪಂಥಗಳು ಪ್ರಚಲಿತವಾಗಿವೆ.

ಅತಿ ಪ್ರಾಚೀನವಾದುದು ತೊಟ್ಟೆ ಪಂಥ. ಎರಡು ತೊಟ್ಟೆ, ಮೇಲೊಂದು ರಬ್ಬರ್ ಬ್ಯಾಂಡ್, ಸಂಶಯವಿದ್ದರೆ ಮೂರನೆಯ ತೊಟ್ಟೆ. ಬಾವಿಕಟ್ಟೆಯ ಸ್ವಿಚ್ಚಿನಿಂದ ಹಿಡಿದು ಬೈಕಿನ ಸೀಟಿನ ತನಕ ಈ ಪಂಥದ ಅನುಯಾಯಿಗಳಿದ್ದಾರೆ. ಖಂಡನೆ: ಮಳೆ ಮೇಲಿನಿಂದ ಬೀಳುತ್ತದೆ, ಹೊಳೆ ಎಲ್ಲ ಕಡೆಯಿಂದ ಬರುತ್ತದೆ. ಮೇಲಿನ ಶತ್ರುವಿಗೆ ಕಟ್ಟಿದ ಕೋಟೆ ಕೆಳಗಿನ ಶತ್ರುವಿಗೆ ಹೊಂದದು.

ಎರಡನೆಯದು ಪೈಪು ಪಂಥ. ತೋಟದ ನೀರಾವರಿಯಿಂದ ಉಳಿದ 110 ಮಿಲಿಮೀಟರಿನ ಪಿವಿಸಿ ತುಂಡು, ಎರಡು ಕಡೆ ಕ್ಯಾಪು, ನಡುವೆ ಸಾಲ್ವೆಂಟಿನ ಪರಿಮಳ. ನೀರು ಹೋಗುವುದಿಲ್ಲ ಎಂಬುದು ನಿಜ. ಆದರೆ ಅಂಟಿಸಿದ ಮೇಲೆ ಬ್ಯಾಟರಿಯನ್ನು ಹೊರತೆಗೆಯುವಂತಿಲ್ಲವಾದ್ದರಿಂದ ಇದನ್ನು ಪೆಟ್ಟಿಗೆ ಎನ್ನುವುದಕ್ಕಿಂತ ಸಮಾಧಿ ಎನ್ನಬೇಕು. ಇನ್ನೂ ಬಲವಾದ ಬಾಧಕ ಪೈಥಾಗೊರಸನದು. ಆ 7 ಆಂಪಿಯರ್-ಅವರಿನ ಬ್ಯಾಟರಿಯ ಅಗಲ 65, ಎತ್ತರ 94 ಮಿಲಿಮೀಟರ್. ಮೂಲೆಯಿಂದ ಮೂಲೆಗೆ 114. ಅದು 110ರ ಪೈಪಿನೊಳಗೆ ಹೊಗುವುದೇ ಇಲ್ಲ. ಸುತ್ತಿಗೆಯಿಂದ ಹೊಗಿಸಬಹುದೆಂಬ ಉಪಪಂಥವೊಂದಿದೆ. ಅದನ್ನು ವಿದ್ವಾಂಸರು ಪರಿಗಣಿಸುವುದಿಲ್ಲ.

ಮೂರನೆಯದು ಡಬ್ಬಿ ಪಂಥ. ನಾಲ್ಕು ಕಡೆ ಚಿಲಕ, ಮುಚ್ಚಳದ ಅಂಚಿಗೆ ರಬ್ಬರ್ ಬಳೆ ಇರುವ ಅಡುಗೆಮನೆಯ ಡಬ್ಬಿ. ಯುರೋಪಿನವರು ಇಂಥ ಪೆಟ್ಟಿಗೆಗಳಿಗೆ ಐಪಿ 67 ಎಂದು ಮುದ್ರೆ ಒತ್ತುತ್ತಾರೆ: ಆರು ಎಂದರೆ ಧೂಳು ಹೋಗದು, ಏಳು ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಮಂಡೆಕೋಲಿನಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆಯುಂಟು. ಮೇ ತಿಂಗಳಲ್ಲಿ ತುಂಬಿಟ್ಟ ಹಲಸಿನ ಹಪ್ಪಳ ಆಟಿಯಲ್ಲಿ ತೆಗೆದಾಗ ಬಾಗದೆ ಮುರಿದರೆ ಡಬ್ಬಿ ತೇರ್ಗಡೆ. ಅರ್ಧ ಗಂಟೆಯ ಮಾತಲ್ಲ, ಎರಡು ತಿಂಗಳ ಮಾತು. ಈ ಪರೀಕ್ಷೆಯಲ್ಲಿ ಗೆದ್ದ ಡಬ್ಬಿಯನ್ನು ಸಾಧಕ ಎತ್ತಿಕೊಂಡು ಹೋದಾಗ ಮನೆಯೊಳಗೆ ನಡೆದ ಚರ್ಚೆ ಶಾಸ್ತ್ರೀಯವಾಗಿರಲಿಲ್ಲವಾದ್ದರಿಂದ ಇಲ್ಲಿ ಕೈಬಿಡಲಾಗಿದೆ.

ಆದರೆ ಡಬ್ಬಿ ಪಂಥದವರು ಒಂದನ್ನು ಮರೆಯುತ್ತಾರೆ. ಹಪ್ಪಳದಿಂದ ವಯರ್ ಹೊರಡುವುದಿಲ್ಲ.

ಬ್ಯಾಟರಿಯನ್ನು ಎಷ್ಟೇ ಭದ್ರವಾಗಿ ಮುಚ್ಚಿದರೂ ಕರೆಂಟು ಹೊರಬರಲು ಒಂದು ತೂತು ಬೇಕೇ ಬೇಕು. ಪೆಟ್ಟಿಗೆ ಮಾಡುವವನ ಮರ್ಯಾದೆ ಹೋಗುವುದು ಆ ತೂತಿನಲ್ಲೇ. ಅಲ್ಲಿಗೆ ಕೇಬಲ್ ಗ್ಲ್ಯಾಂಡ್ ಹಾಕಬೇಕು. ಅದರೊಳಗಿನ ರಬ್ಬರು ದುಂಡು ಕೇಬಲನ್ನು ಮಾತ್ರ ಸುತ್ತ ಸಮನಾಗಿ ಅಪ್ಪುತ್ತದೆ. ಕೆಂಪು ಕಪ್ಪು ಎರಡು ವಯರನ್ನು ಹೆಣೆದು ತೂರಿಸಿದರೆ ನಡುವಿನ ಸಂದಿಯಲ್ಲಿ ಪಯಸ್ವಿನಿ ಒಳಬರುತ್ತಾಳೆ. ಎಂಸೀಲ್ ಮೆತ್ತಿದರೆ ಸಾಲದೇ ಎಂದರೆ, ಹೊರಗಿನ ಸಂದಿಗೆ ಸಾಕು. ಆದರೆ ನೀರಿಗೆ ಒಳದಾರಿಯೂ ಗೊತ್ತು. ಹೊರತುದಿಯ ಜೋಡಣೆ ಒದ್ದೆಯಾದರೆ ತಾಮ್ರದ ಎಳೆಗಳ ನಡುವೆ, ಪ್ಲಾಸ್ಟಿಕ್ ಕವಚದ ಒಳಗೇ ಏರಿ, ಗ್ಲ್ಯಾಂಡನ್ನೂ ಎಂಸೀಲನ್ನೂ ಕೇಳದೆ ಅದು ಬ್ಯಾಟರಿಯ ತನಕ ಬರಬಲ್ಲದು. ಆದ್ದರಿಂದ ಜೋಡಣೆಗೆ ಬೆಸುಗೆ, ಅದರ ಮೇಲೆ ಒಳಮೈಗೆ ಅಂಟು ಬಳಿದ ಹೀಟ್‌ಶ್ರಿಂಕ್ ಕೊಳವೆ. ಇನ್ಸುಲೇಶನ್ ಟೇಪು ಸುತ್ತುವುದು ಭಕ್ತಿಯ ವಿಷಯ, ಯುಕ್ತಿಯದಲ್ಲ.

ಇನ್ನೊಂದು ಸೂಕ್ಷ್ಮ. ಮಧ್ಯಾಹ್ನದ ಬಿಸಿಲಿಗೆ ಕಾದ ಅಂಗಳದಲ್ಲಿ ಡಬ್ಬಿ ಮುಚ್ಚಿದರೆ ಒಳಗಿನ ಗಾಳಿ 45 ಡಿಗ್ರಿಯದು. ಹೊಳೆಯ ತಣ್ಣೀರು ತಾಗಿ ಅದು 25ಕ್ಕೆ ಇಳಿದಾಗ ಒಳಗಿನ ಒತ್ತಡ ನೂರಕ್ಕೆ ಆರರಷ್ಟು ಕುಗ್ಗುತ್ತದೆ. ಸಣ್ಣದೆಂದು ತೋರುವ ಈ ಆರು, ಎರಡಡಿ ನೀರಿನ ಒತ್ತಡಕ್ಕೆ ಸಮ. ಅಂದರೆ ನೀರಿನ ಮೇಲೆ ತೇಲುತ್ತಿರುವಾಗಲೂ ಡಬ್ಬಿ ಎರಡಡಿ ಆಳದಲ್ಲಿ ಮುಳುಗಿದಂತೆ ಪ್ರತಿ ಸಂದಿಯಿಂದ ನೀರನ್ನು ಎಳೆಯುತ್ತದೆ. ಪರಿಹಾರಕ್ಕೆ ಖರ್ಚಿಲ್ಲ: ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಮುಚ್ಚಬೇಕು. ಹೊರಗಿನ ಒಂದು ಹನಿಯೂ ಬಾರದಿದ್ದರೂ, ಕರಾವಳಿಯ ಗಾಳಿಯಲ್ಲೇ ಇರುವ ತೇವ ತಂಪಿಗೆ ಒಳಗೋಡೆಯಲ್ಲಿ ಹನಿಗಟ್ಟಿ ಟರ್ಮಿನಲಿಗೆ ಹಸಿರು ಹಿಡಿಸುತ್ತದೆ. ಅದಕ್ಕೆ ಒಂದಷ್ಟು ಅಕ್ಕಿ ಹಾಕಿಡಿ ಎನ್ನುವವರಲ್ಲಿ ಕುಚ್ಚಲಕ್ಕಿ ಆಗುತ್ತದೆಯೋ ಬೆಳ್ತಿಗೆಯೇ ಬೇಕೋ ಎಂಬ ವಿವಾದವಿದ್ದು, ಉಭಯ ಪಕ್ಷಗಳೂ ಊಟದ ಹೊತ್ತಿಗೆ ವಾದ ನಿಲ್ಲಿಸಿವೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಎರಡಕ್ಕಿಂತಲೂ ಮೇಲು.

ಧನ ತುದಿಯಲ್ಲಿ, ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ, ಯಂತ್ರದವರು ಹೇಳಿದ ಅಳತೆಯ ಫ್ಯೂಸ್ ಇರಲಿ. ನೀರು ಬ್ಯಾಟರಿಯನ್ನು ಕೆಡಿಸುತ್ತದೆ, ಶಾರ್ಟ್ ಆದ ವಯರು ಡಬ್ಬಿಗೇ ಬೆಂಕಿ ಹಚ್ಚುತ್ತದೆ. ಸೀಸದ ಬ್ಯಾಟರಿಯನ್ನು ಮುಚ್ಚಳ ತೆರೆದೇ ಚಾರ್ಜ್ ಮಾಡಬೇಕು. ಅತಿಯಾದರೆ ಅದು ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಹೈಡ್ರೋಜನ್ ಸೇರಿಸುವುದಕ್ಕೆ ಬೇರೆ ಹೆಸರಿದೆ. ನಾಲ್ಕು ಲೀಟರಿನ ಡಬ್ಬಿಯಲ್ಲಿ ಮೂರು ಕಿಲೋಕ್ಕಿಂತ ಕಡಿಮೆ ಸಾಮಾನಿದ್ದರೆ ಕಯಾಕ್ ಮಗುಚಿದರೂ ಅದು ತೇಲುತ್ತದೆ ಎಂದು ಅರ್ಕಿಮಿಡೀಸ್ ಭರವಸೆ ಕೊಟ್ಟಿದ್ದಾನೆ. ತೇಲಿದ್ದು ಎಲ್ಲಿಗೆ ಹೋಗುತ್ತದೆಂದು ಜಲಾಧಿಕರಣದಲ್ಲಿ ಹೇಳಿದ್ದೇವೆ, ಹಗ್ಗ ಕಟ್ಟಿ.

ಪೂರ್ವಪಕ್ಷ

"ಬ್ಯಾಟರಿ ತಂದ ಮೇಲೆ ವಯರನ್ನೇ ನೀರಿಗೆ ಬಿಟ್ಟರೆ ಆಯಿತಲ್ಲ, ಮೀನು ತಾನಾಗಿ ಮೇಲೆ ಬರ್ತದೆ" ಎಂಬ ಪೂರ್ವಪಕ್ಷವೊಂದು ಹೊಳೆ ಬದಿಯಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಅಣಕಿನ ಉತ್ತರವಿಲ್ಲ. ಇನ್ವರ್ಟರಿನಿಂದಲೋ ಲೈನಿನಿಂದಲೋ ನೀರಿಗೆ ಕರೆಂಟು ಬಿಡುವವರು ಮರಿಯೆನ್ನದೆ ಮೊಟ್ಟೆಯೆನ್ನದೆ ಗುಂಡಿಯ ಸಕಲವನ್ನೂ ಕೊಲ್ಲುತ್ತಾರೆ; ಒಮ್ಮೊಮ್ಮೆ ತಾವೂ ಸಾಯುತ್ತಾರೆ. ತೋಟೆ ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕಾ ಕಾಯಿದೆಯೇ ತಡೆದಿತ್ತು. ಕರೆಂಟಿನವರು ಅದೇ ಕುಲದವರು. ಒಂದಡಿ ಅಗಲ ಕಾಣುವ ಯಂತ್ರವನ್ನು ಹಿಡಿದು ಇಡೀ ಬೆಳಗು ಮೀನಿಗಾಗಿ ಕಾಯುವವನು ಇವರಿಗಿಂತ ನೂರು ಪಾಲು ಮೇಲು.

ಮತ್ಸ್ಯಾಧಿಕರಣ

ಈ ವಿಷಯದಲ್ಲಿ ಸಾಮಗ್ರಿ ದೊರೆತಿಲ್ಲ.

ನಿರ್ಣಯ

ಡಬ್ಬಿ ಪಂಥವೇ ಗ್ರಾಹ್ಯ, ಗ್ಲ್ಯಾಂಡ್ ಮತ್ತು ಫ್ಯೂಸ್ ಸಹಿತವಾಗಿ. ಕಾಲ ಕಟ್ಟ ಕಟ್ಟಿದ ಮೇಲೆ, ಮಳೆಗೆ ಮೊದಲು. ಮೈಮೇಲೆ ಲೈಫ್ ಜಾಕೆಟ್ ಇರಲಿ. ಬ್ಯಾಟರಿಗೆ ಇಷ್ಟು ಕವಚ ತೊಡಿಸಿ ತಾನು ಬನಿಯನ್ನಿನಲ್ಲಿ ಕೂರುವವನಿಗೆ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಹಪ್ಪಳಕ್ಕೆ ಬೇರೆ ಡಬ್ಬಿ ಕೊಡಿಸತಕ್ಕದ್ದು.

ಕೊನೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ಇದೇ ಪಯಸ್ವಿನಿಯ ಕವಲಿನಲ್ಲಿ, ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ಮತ್ಸ್ಯತೀರ್ಥವಿದೆ. ಅಲ್ಲಿಗೆ ಕಯಾಕ್, ಗಾಳ, ಬ್ಯಾಟರಿ ಒಂದನ್ನೂ ತರಬೇಡಿ. ಅವು ದೇವರ ಮೀನುಗಳು, ಹಿಡಿಯುವಂತಿಲ್ಲ. ನೋಡಲು ಒಂದು ಹಿಡಿ ಅಕ್ಕಿ ಸಾಕು.