ಕೊರೋಚಿಯ ಯುವಕರಿಗೆ ಮೂಳೆಯೊಳಗೊಂದು ಉದ್ಯೋಗ

ಇಚಲಕರಂಜಿ ಮಗ್ಗುಲಿನ ಕೊರೋಚಿಯ ಹುಡುಗನೊಬ್ಬ ಮೂಳೆ-ಕೀಲು ಚಿತ್ರಣದ ಪ್ರೊಫೆಸರ್ ಆಗುವುದು ಹೇಗೆಂಬ ಬಗ್ಗೆ ಪಾಲಕರಿಗೆ ಶಾಸ್ತ್ರೋಕ್ತ ಮಾರ್ಗದರ್ಶನ ಬೇಕಾಗಿದೆ. ಕೊಡುತ್ತಿದ್ದೇನೆ.

ಕಚ್ಚಾಮಾಲಿಗೆ ಕೊರತೆಯಿಲ್ಲ. ಪವರ್‌ಲೂಮ್ ಮುಂದೆ ಪಾಳಿಗಟ್ಟಲೆ ನಿಂತ ಮಂಡಿ, ಕಬ್ಬು ಕಡಿದ ಭುಜ, ಗಡಹಿಂಗ್ಲಜದಿಂದ ಬೈಕಿನ ಮೇಲೆ ಬರುವ ಸೊಂಟ, ಕೊಲ್ಹಾಪುರದ ತಾಲೀಮಿನಲ್ಲಿ ತಿರುಚಿದ ಮೊಣಕೈ. ಶಾಹೂ ಮಹಾರಾಜರು ಖಾಸಬಾಗ್ ಮೈದಾನ ಕಟ್ಟಿಸಿದ್ದು ಕುಸ್ತಿಗಾಗಿ ಎನ್ನುತ್ತಾರೆ ಇತಿಹಾಸಕಾರರು. ನಮ್ಮ ವಿಭಾಗ ಅದನ್ನು ದೂರದೃಷ್ಟಿಯ ಶೈಕ್ಷಣಿಕ ಹೂಡಿಕೆ ಎಂದೇ ಪರಿಗಣಿಸುತ್ತದೆ.

ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿಗೆ ಮೂರು, ಆಮೇಲೆ ಫೆಲೋಶಿಪ್. ಅಷ್ಟು ಹೊತ್ತಿಗೆ ಅಭ್ಯರ್ಥಿಯ ಕುತ್ತಿಗೆಯೇ ಎಂಆರ್‌ಐಗೆ ಅರ್ಹವಾಗಿರುತ್ತದೆ. 1895ರಲ್ಲಿ ಹೆಂಡತಿಯ ಉಂಗುರದ ಕೈಯ ಎಕ್ಸ್‌ರೇ ತೆಗೆದ ರಾಂಟ್ಜೆನ್ 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಪಡೆದ. ನೀಟ್ ಬರೆದಿರಲಿಲ್ಲ. ಅಂಥವರನ್ನು ಈಗ ಯಾವ ಕಾಲೇಜೂ ತೆಗೆದುಕೊಳ್ಳುವುದಿಲ್ಲ.

ವೃತ್ತಿಯ ಜೀವಾಳ ರಿಪೋರ್ಟು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಸೊಂಟದ ಎಂಆರ್‌ಐ ತೆಗೆದು ನೋಡಿದರು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಂದಿ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು. ಕಿರಿಯರು ಇದರಿಂದ ಎದೆಗುಂದುತ್ತಾರೆ. ಕೂಡದು. ಆರೋಗ್ಯವಂತರಲ್ಲೂ ಬರೆಯಲು ಇಷ್ಟು ವಿಷಯ ಸಿಗುವ ಶಾಸ್ತ್ರ ಬೇರೆ ಯಾವುದಿದೆ? ಕಂಡದ್ದನ್ನೆಲ್ಲ ಬರೆದು, ಕೊನೆಗೆ ‘ಕ್ಲಿನಿಕಲಿ ಕೋರಿಲೇಟ್’ ಎಂದು ಸೇರಿಸಿದರೆ ಹೊಣೆ ಎಲುಬಿನ ಡಾಕ್ಟರರ ಟೇಬಲ್ಲಿಗೆ ಹೋಗುತ್ತದೆ. ಅವರು ರಿಪೋರ್ಟು ಓದದೆ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಮಗ್ಗದ ಕೂಲಿಕಾರ ಮಾತ್ರ ಯಂತ್ರದೊಳಗೆ ಗೊರಕೆ ಹೊಡೆಯುತ್ತಾನೆ. ಆ ಖಟಖಟ ಅವನಿಗೆ ಹೊಸದಲ್ಲ, ಮಲಗಲು ಜಾಗ ಸಿಕ್ಕಿದ್ದೇ ಹೊಸದು.

ಬಡ್ತಿಗೆ ಪ್ರಬಂಧ ಬೇಕು, ಕೀರ್ತಿಗೆ ಹೊಸ ‘ಸೈನ್’ ಬೇಕು. ಸೊಂಟದ ಓರೆ ಎಕ್ಸ್‌ರೇಯಲ್ಲಿ ಹಿರಿಯರು ಸ್ಕಾಟಿ ನಾಯಿ ಕಂಡರು. ಅದರ ಕೊರಳಲ್ಲಿ ಪಟ್ಟಿ ಕಂಡರೆ ಕಶೇರು ಬಿರುಕುಬಿಟ್ಟಿದೆ ಎಂದರ್ಥ. ಮುಧೋಳದ ನಾಯಿ ಬಿಟ್ಟು ಬೇರೆ ಜಾತಿ ನೋಡದ ನಮ್ಮ ಹುಡುಗರು ವೈವಾದಲ್ಲಿ ಇದೇ ಪ್ರಶ್ನೆಗೆ ಬೀಳುತ್ತಾರೆ. ಮೂತ್ರಪಿಂಡ ಕೆಟ್ಟವರ ಬೆನ್ನುಮೂಳೆಯಲ್ಲಿ ರಗ್ಬಿ ಜೆರ್ಸಿಯ ಪಟ್ಟೆಗಳೂ ಕಾಣುತ್ತವಂತೆ. ನಮ್ಮ ಕಡೆ ರಗ್ಬಿ ಯಾರಾಡುತ್ತಾರೆ? ಅದಕ್ಕೆ ‘ಪಟ್ಟಾಪಟ್ಟಿ ಚಡ್ಡಿ ಸೈನ್’ ಎಂದು ನಾಮಕರಣ ಮಾಡಬೇಕೆಂಬ ನನ್ನ ಪ್ರಸ್ತಾವ ಇನ್ನೂ ಪರಿಶೀಲನೆಯಲ್ಲಿದೆ.

ಕೊನೆಯದು, ವಯಸ್ಸಿನ ಪ್ರಶ್ನೆ. ಶಾಲೆಯ ದಾಖಲೆ ಪ್ರಕಾರ ನಮ್ಮ ಭಾಗದ ಅರ್ಧ ಜನ ಹುಟ್ಟಿದ್ದು ಜೂನ್ 1ರಂದು. ಹೆಡ್‌ಮಾಸ್ತರರ ಸಂಶೋಧನೆ ಅದು. ಎಳೆಯ ಪೈಲವಾನನ ನಿಜವಾದ ವಯಸ್ಸು ಬೇಕಾದರೆ ನಾವು ಅವನ ಮಣಿಕಟ್ಟಿನ ಎಕ್ಸ್‌ರೇಯನ್ನು ಗ್ರೂಲಿಕ್-ಪೈಲ್ ಅಟ್ಲಾಸಿನೊಡನೆ ಹೋಲಿಸುತ್ತೇವೆ. ಅದರಲ್ಲಿರುವುದು 1930ರ ದಶಕದ ಆಸುಪಾಸಿನ ಅಮೆರಿಕದ ಕ್ಲೀವ್‌ಲೆಂಡ್‌ನ ಅನುಕೂಲಸ್ಥರ ಮಕ್ಕಳ ಕೈ. ಅವರು ಹಾಲು ಕುಡಿದು ಬೆಳೆದ ಲೆಕ್ಕದಲ್ಲಿ ಕೊರೋಚಿಯ ಹುಡುಗ ಹದಿನಾರೋ ಹದಿನೇಳೋ ನಿರ್ಧಾರವಾಗುತ್ತದೆ. ಎರಡು ವಿಧಾನಗಳಲ್ಲಿ ಹೆಡ್‌ಮಾಸ್ತರರದೇ ಅಗ್ಗ.

ಆದರೂ ಪರೀಕ್ಷೆ ಮಾಡಿಸಲೇಬೇಕೆನ್ನುವ ಪಾಲಕರಲ್ಲಿ ಒಂದು ವಿನಂತಿ: ಎಡಗೈಯನ್ನೇ ತನ್ನಿ. ಅಟ್ಲಾಸಿನಲ್ಲಿ ಬಲಗೈ ಇಲ್ಲ.